ಒಂದೇ ವಿಮಾನ, ಹಲವು ಕೆಲಸ: ರಫೇಲ್‌ನ ಸಾಮರ್ಥ್ಯವೂ ಅದರ ಲೆಕ್ಕಾಚಾರವೂ

(ಚಿಕ್ಕಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸವನ್ನು ಓದಿಗೆ ತಕ್ಕಂತೆ ತಿದ್ದಿ ಬರೆದದ್ದು)

ಸಭಿಕರೇ,

ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿಬರುವವರಿಗೆ ಅದರ ಬಿಸಿ ತಟ್ಟದೆ ಇರುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ಪ್ರದರ್ಶನದ ಹೊತ್ತಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನಗಳ ಹಾರಾಟ ಕೆಲವು ಗಂಟೆ ನಿಲ್ಲುತ್ತದೆ. ಅಲ್ಲಿ ರಫೇಲ್ ನೆಟ್ಟಗೆ ಮೇಲೇರುವುದನ್ನೂ ಮಗುಚಿ ಹಾರುವುದನ್ನೂ ಕಂಡವರು ಈ ಸಭೆಯಲ್ಲಿ ಹಲವರಿದ್ದೀರಿ. ಆದರೆ ಹಾಗೆ ಕಸರತ್ತು ತೋರಿಸುವ ವಿಮಾನದ ರೆಕ್ಕೆಯಡಿ ಬಾಂಬುಗಳಿರುವುದಿಲ್ಲ, ಹೆಚ್ಚುವರಿ ಇಂಧನದ ಟ್ಯಾಂಕುಗಳೂ ಇರುವುದಿಲ್ಲ. ಯುದ್ಧಕ್ಕೆ ಹೊರಡುವ ರಫೇಲ್ ಬೇರೆಯೇ ವಿಮಾನ ಎನ್ನುವಷ್ಟು ಬದಲಾಗಿರುತ್ತದೆ. ಬಹುಪಾತ್ರ ಯುದ್ಧವಿಮಾನವೆಂದರೆ ಎಲ್ಲ ಕೆಲಸವನ್ನೂ ಮಾಡಬಲ್ಲ ವಿಮಾನ ಎಂದಷ್ಟೇ ತಿಳಿದುಕೊಂಡರೆ ಅರ್ಧ ತಿಳಿದಂತೆ. ಒಂದು ಕೆಲಸಕ್ಕೆ ಸಜ್ಜಾದಾಗ ಇನ್ನೊಂದರಲ್ಲಿ ಅದು ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದು ಉಳಿದರ್ಧ. ಆ ಉಳಿದರ್ಧದ ಬಗ್ಗೆಯೇ ಈ ದಿನ ಹೆಚ್ಚು ಮಾತನಾಡಬೇಕೆಂದಿದ್ದೇನೆ.

ಮೊದಲೆಲ್ಲ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ವಿಮಾನವಿರುತ್ತಿತ್ತು. ನಮ್ಮ ವಾಯುಪಡೆಯಲ್ಲಿಯೇ ಅತಿ ಎತ್ತರದಿಂದ ಶತ್ರುನೆಲೆಯ ಚಿತ್ರ ತೆಗೆಯಲು ಮಿಗ್-25 ಇತ್ತು, ನೆಲದ ಗುರಿಗಳ ಮೇಲೆರಗಲು ಜಾಗ್ವಾರ್ ಇತ್ತು, ನುಗ್ಗಿಬರುವ ವಿಮಾನಗಳನ್ನು ತಡೆಯಲು ಮಿಗ್-21 ಇತ್ತು. ಫ್ರಾನ್ಸ್‌ನ ಸ್ಥಿತಿಯೂ ಹೀಗೆಯೇ. ಜಾಗ್ವಾರ್, ಮಿರಾಜ್ ಎಫ್1, ಮಿರಾಜ್ 4, ಮಿರಾಜ್ 2000, ನೌಕಾಪಡೆಯ ಕ್ರುಸೇಡರ್, ಎಟಾಂಡಾರ್, ಸೂಪರ್ ಎಟಾಂಡಾರ್ ಎಂದು ಏಳು ಮಾದರಿಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಬಿಡಿಭಾಗಗಳ ಉಗ್ರಾಣ, ಪ್ರತ್ಯೇಕ ತರಬೇತಿ, ಪ್ರತ್ಯೇಕ ತಂತ್ರಜ್ಞರು. ಈ ಏಳನ್ನೂ ಕಾಲಕ್ರಮದಲ್ಲಿ ತೆಗೆದು ಒಂದೇ ಮಾದರಿಯನ್ನು ಇಟ್ಟುಕೊಳ್ಳುವುದು ಫ್ರಾನ್ಸ್‌ನ ಉದ್ದೇಶವಾಗಿತ್ತು. ಆದ್ದರಿಂದ ರಫೇಲ್‌ನ ಮೂಲದಲ್ಲಿ ಎಂಜಿನಿಯರನ ಕನಸು ಎಷ್ಟಿತ್ತೋ ಖಜಾನೆಯ ಚಿಂತೆಯೂ ಅಷ್ಟೇ ಇತ್ತೆಂದು ನಾನು ಭಾವಿಸುತ್ತೇನೆ. ಮುಂದೆ ಯೂರೋಫೈಟರ್ ಟೈಫೂನ್ ಆಗಿ ರೂಪುಗೊಂಡ ಯುರೋಪಿನ ಜಂಟಿ ಯೋಜನೆಯಲ್ಲಿ ಫ್ರಾನ್ಸ್ ಕೂಡ ಮೊದಲಿಗೆ ಇತ್ತು. ವಿಮಾನವಾಹಕ ನೌಕೆಯಿಂದಲೂ ಹಾರಬಲ್ಲ, ಸ್ವಲ್ಪ ಹಗುರವಾದ ವಿಮಾನ ತನಗೆ ಬೇಕೆಂದು ಅದು 1985ರಲ್ಲಿ ಹೊರಬಂದು ತನ್ನ ಹಾದಿ ಹಿಡಿಯಿತು. ಡಸಾಲ್ಟ್ ಸಂಸ್ಥೆಯ ಪ್ರಾಯೋಗಿಕ ವಿಮಾನ ರಫೇಲ್ ಎ 1986ರ ಜುಲೈ 4ರಂದು ಮೊದಲ ಬಾರಿ ಹಾರಿತು. ಅದರಿಂದ ರೂಪುಗೊಂಡ ರಫೇಲ್ ಫ್ರಾನ್ಸ್‌ನ ವಾಯುಪಡೆಯ ಸ್ಕ್ವಾಡ್ರನ್ನಿಗೆ, ಅಂದರೆ ವಿಮಾನಗಳ ತುಕಡಿಗೆ, ಸೇರಿ ಸೇವೆಗೆ ನಿಂತದ್ದು 2006ರಲ್ಲಿ. ಒಂದು ಯುದ್ಧವಿಮಾನ ಕಾಗದದಿಂದ ಸ್ಕ್ವಾಡ್ರನ್ನಿಗೆ ಬರಲು ಎರಡು ದಶಕ ಹಿಡಿಯುವುದು ನಮ್ಮ ದೇಶದಲ್ಲಿ ಮಾತ್ರವಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

ವಿಮಾನದ ಒಡಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದ 15.30 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 10.90 ಮೀಟರ್. ಮುಖ್ಯ ರೆಕ್ಕೆ ತ್ರಿಕೋನಾಕಾರದ್ದು. ಅದರ ಮುಂದೆ, ಕಾಕ್‌ಪಿಟ್ಟಿನ ಹಿಂಬದಿಯಲ್ಲಿ, ಕನಾರ್ಡ್ ಎಂದು ಕರೆಯುವ ಎರಡು ಚಿಕ್ಕ ರೆಕ್ಕೆಗಳಿವೆ. ತ್ರಿಕೋನ ರೆಕ್ಕೆ ಹೆಚ್ಚಿನ ವೇಗಕ್ಕೆ ಒಳ್ಳೆಯದು. ನಿಧಾನಗತಿಯಲ್ಲಿ, ಅಂದರೆ ಇಳಿಯುವಾಗ, ಅದು ತೊಂದರೆ ಕೊಡುತ್ತದೆ. ಮುಂದಿನ ಚಿಕ್ಕ ರೆಕ್ಕೆಗಳು ಗಾಳಿಯ ಹರಿವನ್ನು ಸರಿಪಡಿಸಿ ಮುಖ್ಯ ರೆಕ್ಕೆಯ ಮೇಲೆ ಹಾಯಿಸುವುದರಿಂದ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಪ್ಯಾರಾಶೂಟಿನ ನೆರವಿಲ್ಲದೆ ಸುಮಾರು 450 ಮೀಟರ್ ಓಟದಲ್ಲಿ ರಫೇಲ್ ನಿಲ್ಲಬಲ್ಲದೆಂದು ತಯಾರಕರು ಹೇಳುವುದಕ್ಕೂ, ಇದೇ ಒಡಲು ನೌಕೆಯ ಡೆಕ್ಕಿಗೂ ಒಗ್ಗಿಕೊಂಡದ್ದಕ್ಕೂ ಈ ರಚನೆಯೇ ಕಾರಣ.

ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಸ್ಥಿರವಾದ ವಿಮಾನ ತನ್ನ ದಾರಿಯನ್ನು ಬಿಟ್ಟು ಬೇಗ ಹೊರಳುವುದಿಲ್ಲ. ಕಾದಾಟದಲ್ಲಿ ಅದು ಕೊರತೆಯಾಗುತ್ತದೆ. ಅಸ್ಥಿರ ವಿಮಾನ ಕ್ಷಣದಲ್ಲಿ ಹೊರಳುತ್ತದೆ, ಆದರೆ ಅದನ್ನು ಮನುಷ್ಯನ ಕೈಯೊಂದೇ ಸಂಭಾಳಿಸಲಾರದು. ಪೈಲಟ್ ಬಲಗೈಯ ಪುಟ್ಟ ಸ್ಟಿಕ್ಕಿನ ಮೂಲಕ ತನಗೇನು ಬೇಕೆಂದು ತಿಳಿಸುತ್ತಾನೆ; ಯಾವ ಫಲಕವನ್ನು ಎಷ್ಟು ತಿರುಗಿಸಬೇಕೆಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಗುರುತ್ವದ ಒಂಬತ್ತು ಪಟ್ಟಿನ ತನಕ ಅದು ತಿರುವು ತೆಗೆದುಕೊಳ್ಳಬಲ್ಲದು. ಒಂಬತ್ತು ಪಟ್ಟು ಎಂದರೆ 70 ಕಿಲೋ ತೂಗುವ ಪೈಲಟ್ಟಿಗೆ ತನ್ನ ಮೈ 630 ಕಿಲೋ ಆದಂತಾಗುತ್ತದೆ. ರಕ್ತ ತಲೆಯಿಂದ ಕಾಲಿಗಿಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಅದನ್ನು ತಡೆಯಲೆಂದೇ ಆಸನವನ್ನು 29 ಡಿಗ್ರಿ ಹಿಂದಕ್ಕೆ ವಾಲಿಸಲಾಗಿದೆ, ಕಾಲು ಹೊಟ್ಟೆಗಳನ್ನು ಬಿಗಿಯುವ ಜಿ-ಸೂಟನ್ನೂ ಪೈಲಟ್ ತೊಟ್ಟಿರುತ್ತಾನೆ.

ಎರಡು ಎಂ88 ಎಂಜಿನ್‌ಗಳಿವೆ. ಪ್ರತಿಯೊಂದರ ನೂಕುಬಲ ಸಾಮಾನ್ಯ ಸ್ಥಿತಿಯಲ್ಲಿ ಸುಮಾರು 5 ಟನ್, ಆಫ್ಟರ್‌ಬರ್ನರ್, ಅಂದರೆ ಹೊರಬರುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸುವ ವ್ಯವಸ್ಥೆ, ಹೊತ್ತಿಸಿದಾಗ ಸುಮಾರು 7.5 ಟನ್. ನನಗೆ ಈ ಅಂಕಿಗಳಿಗಿಂತ ಹೆಚ್ಚು ಮುಖ್ಯವಾಗಿ ಕಾಣುವುದು ಆ ಎಂಜಿನ್ 21 ಘಟಕಗಳ ಜೋಡಣೆ ಎಂಬ ಸಂಗತಿ. ಒಂದು ಘಟಕ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಇಡೀ ಎಂಜಿನ್ನನ್ನು ಕಾರ್ಖಾನೆಗೆ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಯುದ್ಧಕಾಲದಲ್ಲಿ ಎಷ್ಟು ವಿಮಾನಗಳಿವೆ ಎಂಬುದಕ್ಕಿಂತ ಈ ಬೆಳಿಗ್ಗೆ ಎಷ್ಟು ಹಾರಬಲ್ಲವು ಎಂಬುದೇ ನಿರ್ಣಾಯಕ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎತ್ತರದಲ್ಲಿ ಗರಿಷ್ಠ ವೇಗ ಮ್ಯಾಕ್ 1.8, ಅಂದರೆ ಗಂಟೆಗೆ ಸುಮಾರು 1,900 ಕಿಲೋಮೀಟರ್. ಶಬ್ದದ ವೇಗವನ್ನು ಮೀರಿದ ವಿಮಾನದ ಸ್ಫೋಟಸದೃಶ ಸದ್ದು ಈ ಭಾಗದವರಿಗೆ ಹೊಸದಲ್ಲ. 2020ರ ಮೇ 20ರಂದು ಬೆಂಗಳೂರನ್ನೇ ಬೆಚ್ಚಿಬೀಳಿಸಿದ ಸದ್ದು ವಾಯುಪಡೆಯ ಪರೀಕ್ಷಾ ಹಾರಾಟದ್ದೆಂದು ರಕ್ಷಣಾ ಇಲಾಖೆ ತಿಳಿಸಿತು; ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಅಂಥ ಸದ್ದು ಕೇಳಿಸಬಲ್ಲದೆಂದೂ ವಿವರಿಸಿತು. ಇಷ್ಟಾದರೂ ಇಂದಿನ ವಾಯುಯುದ್ಧದಲ್ಲಿ ವೇಗಕ್ಕೆ ಹಿಂದಿದ್ದ ಪ್ರಾಧಾನ್ಯವಿಲ್ಲ. ಮೊದಲು ಕಂಡವನು, ಮೊದಲು ಕ್ಷಿಪಣಿ ಬಿಟ್ಟವನು ಗೆಲ್ಲುವ ಸಾಧ್ಯತೆ ಹೆಚ್ಚು.

ಆದ್ದರಿಂದ ರೇಡಾರಿನತ್ತ ಬರೋಣ. ಹಳೆಯ ರೇಡಾರ್‌ಗಳಲ್ಲಿ ಮೂಗಿನೊಳಗಿನ ಆಂಟೆನಾವನ್ನು ಮೋಟಾರು ಅತ್ತಿತ್ತ ತಿರುಗಿಸುತ್ತಿತ್ತು. ಒಂದು ಕಡೆ ನೋಡುವಾಗ ಇನ್ನೊಂದು ಕಡೆ ಕಾಣುತ್ತಿರಲಿಲ್ಲ. ರಫೇಲ್‌ನ ಆರ್‌ಬಿಇ2 ರೇಡಾರಿನ ಈಗಿನ ರೂಪದಲ್ಲಿ ನೂರಾರು ಪುಟ್ಟ ಪ್ರಸಾರಕಗಳಿವೆ. ಆಂಟೆನಾ ಅಲುಗುವುದಿಲ್ಲ, ಕಿರಣ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ದಿಕ್ಕು ಬದಲಿಸುತ್ತದೆ. ಹೀಗಾಗಿ ಆಕಾಶದಲ್ಲಿರುವ ವಿಮಾನಗಳನ್ನು ಹಿಂಬಾಲಿಸುತ್ತಲೇ ಕೆಳಗಿನ ನೆಲದ ನಕ್ಷೆಯನ್ನೂ ಅದು ಬಿಡಿಸಿಕೊಳ್ಳಬಲ್ಲದು. ಬಹುಪಾತ್ರ ಎಂಬ ವಿಶೇಷಣಕ್ಕೆ ನಿಜವಾದ ಆಧಾರ ಇಲ್ಲಿದೆ. ಇದರ ಜೊತೆಗೆ ಸ್ಪೆಕ್ಟ್ರಾ ಎಂಬ ಸ್ವರಕ್ಷಣಾ ವ್ಯವಸ್ಥೆಯಿದೆ. ಯಾವ ದಿಕ್ಕಿನ ಯಾವ ರೇಡಾರ್ ತನ್ನನ್ನು ಹುಡುಕುತ್ತಿದೆ, ಲೇಸರ್ ಬೀಳುತ್ತಿದೆಯೇ, ಕ್ಷಿಪಣಿ ಬರುತ್ತಿದೆಯೇ ಎಂಬುದನ್ನು ಗುರುತಿಸಿ, ಎದುರಾಳಿಯ ರೇಡಾರಿಗೆ ಗೊಂದಲ ಹುಟ್ಟಿಸುವುದು ಅಥವಾ ಹುಸಿ ಗುರಿಗಳನ್ನು ಚೆಲ್ಲುವುದು ಅದರ ಕೆಲಸ. ರೇಡಾರ್, ಸ್ಪೆಕ್ಟ್ರಾ, ಮೂಗಿನ ಮೇಲಿನ ಕ್ಯಾಮೆರಾ ಇವೆಲ್ಲವುಗಳ ಮಾಹಿತಿ ಪೈಲಟ್ಟಿನ ಮುಂದೆ ಒಂದೇ ಚಿತ್ರವಾಗಿ ಮೂಡುತ್ತದೆ.

ಇನ್ನು ಭಾರದ ಲೆಕ್ಕ. ಈ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿನೋಡಬೇಕೆಂದು ನನ್ನ ಆಸೆ. ಖಾಲಿ ರಫೇಲ್‌ನ ತೂಕ ಸುಮಾರು 10 ಟನ್. ಒಡಲೊಳಗೆ 4.7 ಟನ್ ಇಂಧನ ಹಿಡಿಸುತ್ತದೆ. ಹೊರಗೆ ಶಸ್ತ್ರಾಸ್ತ್ರ ಮತ್ತು ಟ್ಯಾಂಕುಗಳನ್ನು ತೂಗುಹಾಕಲು 14 ತಾಣಗಳಿವೆ, ಅವುಗಳಲ್ಲಿ ಐದು ಮಾತ್ರ ಹೆಚ್ಚು ಭಾರ ತಾಳುವಂಥವು. ಹೊರಗೆ ಹೊರಬಹುದಾದ ಒಟ್ಟು ಭಾರ 9.5 ಟನ್, ಮೇಲೇರುವಾಗಿನ ಗರಿಷ್ಠ ತೂಕ 24.5 ಟನ್. ತನ್ನ ತೂಕಕ್ಕೆ ಸರಿಸಮನಾದ ಹೊರೆಯನ್ನು ಹೊರಗೆ ಹೊರುವ ಯುದ್ಧವಿಮಾನ ಅಪರೂಪ. ಈಗ ದೂರದ ದಾಳಿಯೊಂದಕ್ಕೆ ಇದನ್ನು ಸಜ್ಜುಗೊಳಿಸೋಣ. ತಲಾ 2,000 ಲೀಟರಿನ ಮೂರು ಟ್ಯಾಂಕುಗಳಲ್ಲಿ ತುಂಬಿದ ಇಂಧನವೇ ಸುಮಾರು 4.8 ಟನ್. ತಲಾ 1.3 ಟನ್ ತೂಗುವ ಎರಡು ಸ್ಕಾಲ್ಪ್ ಕ್ಷಿಪಣಿಗಳಿಗೆ 2.6 ಟನ್. ಆತ್ಮರಕ್ಷಣೆಗೆಂದು ತಲಾ 112 ಕಿಲೋದ ನಾಲ್ಕು ಮೈಕಾ ಕ್ಷಿಪಣಿಗಳಿಗೆ ಅರ್ಧ ಟನ್ನಿನ ಆಸುಪಾಸು. ಟ್ಯಾಂಕಿನ ಲೋಹ, ಕೊಂಡಿಗಳೆಲ್ಲ ಸೇರಿದರೆ ಎಂಟು ಟನ್ ದಾಟುತ್ತದೆ. ಐದು ಭಾರೀ ತಾಣಗಳೂ ಅಲ್ಲಿಗೆ ಮುಗಿದವು. ಇಂಥ ವಿಮಾನ ಒಂಬತ್ತು ಜಿ ತಿರುವು ತೆಗೆದುಕೊಳ್ಳುವುದಿಲ್ಲ, ಮ್ಯಾಕ್ 1.8 ಮುಟ್ಟುವುದೂ ಇಲ್ಲ. ದಾರಿಯಲ್ಲಿ ವೈರಿ ವಿಮಾನ ಎದುರಾದರೆ ಟ್ಯಾಂಕು, ಕ್ಷಿಪಣಿಗಳನ್ನು ಕಳಚಿ ಕಾದಾಡಬಹುದು; ಆಗ ಬಂದ ಕೆಲಸ ಕೆಟ್ಟಂತೆ. ಪುಸ್ತಿಕೆಯಲ್ಲಿ ಅಚ್ಚಾಗುವ ಗರಿಷ್ಠ ಅಂಕಿಗಳೆಲ್ಲವೂ ನಿಜವೇ, ಆದರೆ ಅವೆಲ್ಲ ಒಂದೇ ಹಾರಾಟದಲ್ಲಿ ಒಟ್ಟಿಗೆ ಸಿಗುವುದಿಲ್ಲ.

ಆ ಶಸ್ತ್ರಗಳ ಬಗ್ಗೆ ನಾಲ್ಕು ಮಾತು. ಸ್ಕಾಲ್ಪ್ 250 ಕಿಲೋಮೀಟರಿಗೂ ಹೆಚ್ಚು ದೂರದ ಸ್ಥಿರ ಗುರಿಗೆ ನೆಲಕ್ಕೆ ಸಮೀಪವಾಗಿ ಹಾರಿಹೋಗುವ ಕ್ಷಿಪಣಿ. ಹ್ಯಾಮರ್ ಎಂಬುದು ಸಾಮಾನ್ಯ ಬಾಂಬಿಗೆ ಮಾರ್ಗದರ್ಶಿ ಉಪಕರಣವನ್ನೂ ಚಿಕ್ಕ ರಾಕೆಟ್ಟನ್ನೂ ಜೋಡಿಸಿ ಮಾಡಿದ ಅಸ್ತ್ರ. ಮೀಟಿಯೋರ್ ಆಕಾಶದಿಂದ ಆಕಾಶಕ್ಕೆ 100 ಕಿಲೋಮೀಟರ್ ಮೀರಿ ಹೋಗಬಲ್ಲದು. ಸಾಮಾನ್ಯ ಕ್ಷಿಪಣಿಯ ರಾಕೆಟ್ ಕೆಲವೇ ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ, ಉಳಿದ ದಾರಿಯನ್ನು ಅದು ಪಡೆದ ವೇಗದ ಬಲದಿಂದಲೇ ಕ್ರಮಿಸಬೇಕು. ಮೀಟಿಯೋರ್‌ನಲ್ಲಿರುವುದು ಗಾಳಿಯನ್ನು ಒಳಗೆಳೆದುಕೊಂಡು ಉರಿಯುವ ರ‍್ಯಾಮ್‌ಜೆಟ್. ಕೊನೆಯ ಹಂತದಲ್ಲಿಯೂ ಅದಕ್ಕೆ ಕಸುವು ಉಳಿದಿರುತ್ತದೆ. ತಪ್ಪಿಸಿಕೊಳ್ಳಲು ತಿರುಗುವ ವಿಮಾನಕ್ಕೆ ಇದು ಕಷ್ಟದ ಸಂಗತಿ.

ಕಾಳಗದಲ್ಲಿ ಇದನ್ನು ಬಳಸಿದ ಬಗೆ ಹೇಗೆ? 2011ರ ಮಾರ್ಚ್ 19ರಂದು ಲಿಬಿಯಾದ ಬೆಂಗಾಜಿಯ ಮೇಲೆ ಮೊದಲು ಹಾರಿದ ಪಾಶ್ಚಾತ್ಯ ವಿಮಾನಗಳಲ್ಲಿ ರಫೇಲ್‌ಗಳಿದ್ದವು. ಆ ಕಾರ್ಯಾಚರಣೆಯಲ್ಲಿ ಆಕಾಶದ ಕಾವಲು, ಚಿತ್ರ ತೆಗೆಯುವುದು, ನೆಲದ ಮೇಲಿನ ದಾಳಿ ಮೂರನ್ನೂ ಅವು ನಿರ್ವಹಿಸಿದವು. ಮಾರ್ಚ್ 24ರಂದು ಮಿಸ್ರಾತಾದಲ್ಲಿ ಲಿಬಿಯಾದ ಗಾಲೆಬ್ ವಿಮಾನವೊಂದು ನೆಲಕ್ಕಿಳಿದ ಕೂಡಲೇ ರಫೇಲ್ ಅದನ್ನು ಹ್ಯಾಮರ್‌ನಿಂದ ನಾಶಮಾಡಿತು. 2013ರ ಜನವರಿಯಲ್ಲಿ ನಾಲ್ಕು ರಫೇಲ್‌ಗಳು ಫ್ರಾನ್ಸ್‌ನ ಸ್ಯಾಂ ಡಿಝಿಯೇ ನೆಲೆಯಿಂದ ಹೊರಟು ಮಾಲಿ ದೇಶದ ಗಾವೋ ಪಟ್ಟಣದ ಗುರಿಗಳ ಮೇಲೆ ದಾಳಿ ಮಾಡಿ ಚಾಡ್ ದೇಶದಲ್ಲಿ ಇಳಿದವು. ಹಾರಾಟದ ಅವಧಿ 9 ಗಂಟೆ 35 ನಿಮಿಷ. ಆಕಾಶದಲ್ಲೇ ಇಂಧನ ತುಂಬಿಸುವ ಟ್ಯಾಂಕರ್ ವಿಮಾನಗಳಿಲ್ಲದೆ ಇದು ಆಗುತ್ತಿರಲಿಲ್ಲ. ರಫೇಲ್‌ನ ಮೂಗಿನ ಬಳಿ ಸದಾ ಹೊರಗೆ ಚಾಚಿಕೊಂಡಿರುವ ಕೊಳವೆಯನ್ನು ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಅದು ಇಂಧನ ಪಡೆಯುವ ಕೊಳವೆ. ಆದರೆ ಈ ಎರಡೂ ಪ್ರಸಂಗಗಳಲ್ಲಿ ಎದುರಾಳಿಯ ವಾಯುಪಡೆ ದುರ್ಬಲವಾಗಿತ್ತು ಅಥವಾ ಇರಲೇ ಇಲ್ಲ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಗುಣಗಳಿದ್ದರೂ ಬಹಳ ಕಾಲ ಇದಕ್ಕೆ ಹೊರದೇಶದ ಗಿರಾಕಿಯೇ ಇರಲಿಲ್ಲ. ದಕ್ಷಿಣ ಕೊರಿಯಾ, ಸಿಂಗಾಪುರಗಳು ಅಮೆರಿಕದ ಎಫ್-15 ಕೊಂಡವು, ಮೊರಾಕ್ಕೊ ಎಫ್-16 ಕೊಂಡಿತು, 2013ರಲ್ಲಿ ಬ್ರೆಜಿಲ್ ಸ್ವೀಡನ್ನಿನ ಗ್ರಿಪನ್ ಆರಿಸಿಕೊಂಡಿತು. ಮೊದಲ ಗಿರಾಕಿ 2015ರಲ್ಲಿ ಈಜಿಪ್ಟ್. ಆಮೇಲೆ ಕತಾರ್, ಭಾರತ, ಗ್ರೀಸ್, ಕ್ರೊಯೇಷಿಯಾ, ಇಂಡೊನೇಷ್ಯಾ ಬಂದವು. ಯುಎಇ 2021ರ ಡಿಸೆಂಬರಿನಲ್ಲಿ ಒಮ್ಮೆಗೇ 80 ವಿಮಾನಗಳಿಗೆ ಸಹಿ ಹಾಕಿತು. 2024ರಲ್ಲಿ ಸರ್ಬಿಯಾ 12ಕ್ಕೆ ಸಹಿ ಹಾಕಿತು. ಫ್ರಾನ್ಸ್ ಬಳಸಿ ಮಾರಿದ ವಿಮಾನಗಳನ್ನೂ ಸೇರಿಸಿ ಹೊರದೇಶಗಳ ಬೇಡಿಕೆ 320ರ ಆಸುಪಾಸಿಗೆ ಬಂದಿದೆ. 2017ರಲ್ಲಿ ಈಜಿಪ್ಟ್ ಮತ್ತು ಯುಎಇ ಕತಾರ್ ಜೊತೆ ಸಂಬಂಧ ಕಡಿದುಕೊಂಡವು. ಮೂರೂ ದೇಶಗಳು ಇಂದು ಒಬ್ಬನೇ ವ್ಯಾಪಾರಿಯ ಗಿರಾಕಿಗಳು. ಫ್ರಾನ್ಸ್ ಕಡಿಮೆ ಷರತ್ತು ಹಾಕುತ್ತದೆ ಎಂಬ ನಂಬಿಕೆಯೂ ಈ ವ್ಯಾಪಾರಕ್ಕೆ ಒಂದು ಕಾರಣ. ಪಾಕಿಸ್ತಾನ ಹಣ ತೆತ್ತಿದ್ದ 28 ಎಫ್-16 ವಿಮಾನಗಳನ್ನು ಅಮೆರಿಕ 1990ರ ನಂತರ ಅಣ್ವಸ್ತ್ರದ ವಿಚಾರದಲ್ಲಿ ತಡೆಹಿಡಿದು ಮರುಭೂಮಿಯಲ್ಲಿ ನಿಲ್ಲಿಸಿತ್ತು. ಇಂಥದ್ದನ್ನು ಕಂಡ ದೇಶಗಳು ಯಾರಿಂದ ಕೊಳ್ಳಬೇಕೆಂದು ಎರಡು ಸಲ ಯೋಚಿಸುತ್ತವೆ.

ಭಾರತದ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 126 ಬಹುಪಾತ್ರ ವಿಮಾನಗಳಿಗಾಗಿ 2007ರಲ್ಲಿ ಟೆಂಡರ್ ಕರೆದಾಗ ಆರು ವಿಮಾನಗಳು ಸ್ಪರ್ಧೆಗಿಳಿದವು. ಅವುಗಳನ್ನು ಬೆಂಗಳೂರು, ಜೈಸಲ್ಮೇರ್, ಲೇಹ್ ಮೂರು ಕಡೆ ಪರೀಕ್ಷಿಸಲಾಯಿತು. ಮರುಭೂಮಿಯ ಕಾವು ಒಂದೆಡೆ. ಸಮುದ್ರಮಟ್ಟದಿಂದ 3,200 ಮೀಟರಿಗೂ ಎತ್ತರದ ಲೇಹ್‌ನ ತೆಳುಗಾಳಿ, ಕೊರೆಯುವ ಚಳಿಗಳಲ್ಲಿ ಎಂಜಿನ್ ಚಾಲೂ ಮಾಡುವ ಸವಾಲು ಇನ್ನೊಂದೆಡೆ. ಭಾರತಕ್ಕೆಂದೇ ಮಾಡಿಸಿಕೊಂಡ ಮಾರ್ಪಾಡುಗಳಲ್ಲಿ ಇಂಥ ಎತ್ತರದಲ್ಲಿ ಎಂಜಿನ್ ಚಾಲೂ ಆಗುವ ವ್ಯವಸ್ಥೆಯೂ ಸೇರಿತು. 2012ರಲ್ಲಿ ರಫೇಲ್ ಆಯ್ಕೆಯಾಯಿತು. 108 ವಿಮಾನಗಳನ್ನು ಎಚ್‌ಎಎಲ್ ಇಲ್ಲಿಯೇ ತಯಾರಿಸಬೇಕಿತ್ತು; ಮಾತುಕತೆ ಮುಂದೆ ಸಾಗಲಿಲ್ಲ. ಕೊನೆಗೆ 2016ರ ಸೆಪ್ಟೆಂಬರ್ 23ರಂದು ಸಿದ್ಧ ಸ್ಥಿತಿಯ 36 ವಿಮಾನಗಳಿಗೆ 787 ಕೋಟಿ ಯೂರೋಗಳ ಒಪ್ಪಂದವಾಯಿತು. ಅದರ ಸುತ್ತ ಎದ್ದ ರಾಜಕೀಯ ವಾದವಿವಾದವೂ ಸುಪ್ರೀಂ ಕೋರ್ಟಿನ ತೀರ್ಪುಗಳೂ ನಿಮಗೆ ಗೊತ್ತಿರುವಂಥವೇ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮೊದಲ ಐದು ವಿಮಾನಗಳು 2020ರ ಜುಲೈ 29ರಂದು ಅಂಬಾಲಾದಲ್ಲಿ ಇಳಿದವು. ಒಂದು ಸ್ಕ್ವಾಡ್ರನ್ ಅಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ ಇದೆ. 2025ರ ಏಪ್ರಿಲಿನಲ್ಲಿ ನೌಕಾಪಡೆಗೆಂದು 26 ರಫೇಲ್ ಎಂ ವಿಮಾನಗಳಿಗೆ ಸುಮಾರು 63,000 ಕೋಟಿ ರೂಪಾಯಿಗಳ ಒಪ್ಪಂದವಾಗಿದೆ. ಫ್ರಾನ್ಸ್‌ನ ಚಾರ್ಲ್ಸ್ ಡಿ ಗಾಲ್ ನೌಕೆಯಲ್ಲಿ ಕ್ಯಾಟಪಲ್ಟ್ ಎಂಬ ಯಂತ್ರ ವಿಮಾನವನ್ನು ಎಳೆದು ಎಸೆಯುತ್ತದೆ; ನಮ್ಮ ವಿಕ್ರಾಂತ್‌ನಲ್ಲಿರುವುದು ಮುಂತುದಿ ಮೇಲಕ್ಕೆ ಬಾಗಿದ ಡೆಕ್. ಅದರಿಂದ ಹಾರಬಲ್ಲದೆಂದು ತೋರಿಸಲು 2022ರಲ್ಲಿ ಗೋವಾದ ನೆಲದ ಮೇಲಿನ ಅಂಥದೇ ಇಳಿಜಾರಿನಿಂದ ಹಾರಿಸಿ ನೋಡಲಾಯಿತು. ರಫೇಲ್‌ನ ರೆಕ್ಕೆ ಮಡಚುವಂಥದ್ದಲ್ಲ. ಜಾಗ ಕಡಿಮೆಯಿರುವ ನೌಕೆಯಲ್ಲಿ ಇದು ಸಣ್ಣ ತೊಡಕಲ್ಲ.

2025ರ ಮೇ 7ರ ಆಪರೇಷನ್ ಸಿಂಧೂರವನ್ನು ಬಿಟ್ಟು ರಫೇಲ್ ಬಗ್ಗೆ ಈಗ ಮಾತನಾಡುವಂತಿಲ್ಲ. ಮೊದಲ ಹಂತದಲ್ಲಿ ಕೆಲವು ವಿಮಾನಗಳನ್ನು ಕಳೆದುಕೊಂಡೆವೆಂದು ರಕ್ಷಣಾ ಪಡೆಗಳ ಮುಖ್ಯಸ್ಥರು ಅದೇ ತಿಂಗಳ ಕೊನೆಯಲ್ಲಿ ಸಿಂಗಾಪುರದಲ್ಲಿ ಒಪ್ಪಿದರು. ಮಾದರಿಯನ್ನೂ ಸಂಖ್ಯೆಯನ್ನೂ ಹೇಳಲಿಲ್ಲ. ತಂತ್ರ ಬದಲಿಸಿ ಮತ್ತೆ ದೂರದ ಗುರಿಗಳನ್ನು ಹೊಡೆದೆವೆಂದೂ ಹೇಳಿದರು. ಚೀನಾದ ಪಿಎಲ್-15 ಕ್ಷಿಪಣಿಯ ತುಣುಕುಗಳು ಪಂಜಾಬಿನ ಹೊಲಗಳಲ್ಲಿ ಸಿಕ್ಕವು. ಸಾಮಾಜಿಕ ಜಾಲತಾಣಗಳಲ್ಲಿ ನಡೆದ ಚರ್ಚೆಯೆಲ್ಲ ಯಾವ ವಿಮಾನ ಮೇಲು ಎಂಬುದರ ಸುತ್ತ ಸುತ್ತಿತು. ನನಗನ್ನಿಸುವಂತೆ ಆ ಪ್ರಶ್ನೆಯೇ ಸರಿಯಿಲ್ಲ. ದೂರದ ಕ್ಷಿಪಣಿ, ಹಿಂದೆ ನಿಂತು ನೋಡುವ ರೇಡಾರ್ ವಿಮಾನ, ನೆಲದ ರೇಡಾರ್, ಇವುಗಳ ನಡುವಿನ ಸಂಪರ್ಕ, ಯಾವಾಗ ಗುಂಡು ಹಾರಿಸಬಹುದೆಂಬ ಆದೇಶ ಇವೆಲ್ಲ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ; ವಿಮಾನ ಅದರ ಒಂದು ಭಾಗ ಮಾತ್ರ.

ಸಂಖ್ಯೆಯ ಮಾತಿಗೆ ಬರುತ್ತೇನೆ. ನಮ್ಮ ವಾಯುಪಡೆಗೆ ಮಂಜೂರಾಗಿರುವುದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಒಂದು ಬಹುಪಾತ್ರ ವಿಮಾನ ನಾಲ್ಕು ಹಳೆಯ ವಿಮಾನಗಳಿಗೆ ಸಮ, ಆದ್ದರಿಂದ ಚಿಂತೆಯಿಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ನಮ್ಮ ಹಳ್ಳಿಗಳಲ್ಲಿ ಒಂದೇ ಟ್ರ್ಯಾಕ್ಟರ್ ಉಳುತ್ತದೆ, ಗೊಬ್ಬರ ಹೇರುತ್ತದೆ, ನೀರಿನ ಟ್ಯಾಂಕರನ್ನೂ ಎಳೆಯುತ್ತದೆ. ಆದರೆ ಹದವಾದ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಊರಿನವರೆಲ್ಲರಿಗೂ ಅದು ರಾಗಿ ಬಿತ್ತನೆಗೇ ಬೇಕು. ಯುದ್ಧದ ಮೊದಲ ದಿನವೂ ಹಾಗೆಯೇ. ಗಡಿ ಕಾಯಲು, ದಾಳಿ ಮಾಡಲು, ದಾಳಿಗೆ ಹೋದವರಿಗೆ ಬೆಂಗಾವಲಾಗಲು ಒಂದೇ ಗಂಟೆಯಲ್ಲಿ ಬೇಡಿಕೆ ಬರುತ್ತದೆ. 36 ವಿಮಾನಗಳಲ್ಲಿ ಕೆಲವು ದುರಸ್ತಿಯಲ್ಲಿರುತ್ತವೆ, ಕೆಲವು ತರಬೇತಿಯಲ್ಲಿ, ಅರ್ಧ ಹಾಸಿಮಾರಾದಲ್ಲಿ. ಪೈಲಟ್ಟಿನ ವಿಷಯವೂ ಇದೆ. ನಾಲ್ಕು ಕೆಲಸ ಮಾಡುವ ವಿಮಾನದ ಪೈಲಟ್ ನಾಲ್ಕನ್ನೂ ಅಭ್ಯಾಸ ಮಾಡಬೇಕು, ಹಾರಾಟದ ಗಂಟೆಗಳು ಮಾತ್ರ ಅಷ್ಟೇ.

ಉಪನ್ಯಾಸದ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬರು ತೇಜಸ್ ಇರುವಾಗ ರಫೇಲ್ ಏಕೆ ಬೇಕು ಎಂದು ಕೇಳಿದರು. ತೇಜಸ್ ಕೂಡ ಬಹುಪಾತ್ರ ವಿಮಾನವೇ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ್ದು. ಆದರೆ ಅದು ಒಂದೇ ಎಂಜಿನ್ನಿನ, ಗರಿಷ್ಠ 13.5 ಟನ್ ತೂಕದ ಹಗುರ ವಿಮಾನ. ಎರಡು ಸ್ಕಾಲ್ಪ್ ಹೊತ್ತು ದೂರ ಹೋಗಿಬರುವುದು ಅದರ ಕೆಲಸವಲ್ಲ, ಎಣಿಕೆ ತುಂಬಿಸಿ ಗಡಿ ಕಾಯುವುದು ಅದರ ಕೆಲಸ. 2021ರಲ್ಲಿ ಯಲಹಂಕದಲ್ಲಿಯೇ 73 ತೇಜಸ್ ಮಾರ್ಕ್ 1ಎ ಹಾಗೂ 10 ತೇಜಸ್ ತರಬೇತಿ ವಿಮಾನಗಳಿಗೆ ಒಪ್ಪಂದವಾಯಿತು. ಅಮೆರಿಕದ ಎಫ್404 ಎಂಜಿನ್‌ಗಳು ತಡವಾಗಿ ಬಂದದ್ದು ಅದರ ವಿಳಂಬಕ್ಕೆ ಒಂದು ಕಾರಣ. ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ 1989ರಿಂದ ರೂಪಿಸಿದ ಕಾವೇರಿ ಎಂಜಿನ್ ತೇಜಸ್‌ಗೆ ಸಾಲುವಷ್ಟು ಬಲ ಪಡೆಯಲಿಲ್ಲ. ಮುಂದಿನ ಪೀಳಿಗೆಯ ಎಎಂಸಿಎ ವಿಮಾನದ ಎಂಜಿನ್ನನ್ನು ಎಂ88 ತಯಾರಿಸುವ ಸಾಫ್ರಾನ್ ಸಂಸ್ಥೆಯ ಜೊತೆ ಸೇರಿ ಭಾರತದಲ್ಲಿ ರೂಪಿಸುವುದಾಗಿ ರಕ್ಷಣಾ ಸಚಿವರು 2025ರ ಆಗಸ್ಟಿನಲ್ಲಿ ಹೇಳಿದ್ದಾರೆ. ಹೊರದೇಶದ ಎಂಜಿನ್ ಹಾಕಿದ ವಿಮಾನವನ್ನು ಸ್ವದೇಶಿ ಎನ್ನಬಹುದೇ ಎಂದು ಅವರೇ ಮತ್ತೆ ಕೇಳಿದರು. 1986ರಲ್ಲಿ ಹಾರಿದ ರಫೇಲ್ ಎ ವಿಮಾನದಲ್ಲಿದ್ದದ್ದೂ ಎರಡು ಅಮೆರಿಕನ್ ಎಫ್404 ಎಂಜಿನ್‌ಗಳೇ. ತಮ್ಮ ಎಂ88 ಸಿದ್ಧವಾಗುವವರೆಗೆ ಫ್ರೆಂಚರು ಕಾಯದೆ ವಿಮಾನವನ್ನು ಹಾರಿಸಿದರು. 1990ರಲ್ಲಿ ಎಡಗಡೆಯ ಎಂಜಿನ್ನನ್ನು ಮಾತ್ರ ತೆಗೆದು ಅಲ್ಲಿ ಎಂ88 ಕೂರಿಸಿದರು. ಬಲಗಡೆಯದು ಅಮೆರಿಕದ್ದಾಗಿಯೇ ಇತ್ತು.